ಎರೆಹುಳ ಗೊಬ್ಬರದ ತೊಟ್ಟಿ ಕೆಟ್ಟಾಗ ಮೊದ್ಲು ಎಲ್ಲಿ ಕೈ ಹಾಕ್ಬೇಕು

ಹೋದ ವರ್ಷ ಏಪ್ರಿಲ್‌ನಲ್ಲಿ ಪಕ್ಕದೂರಿನ ಹುಡುಗ ಒಬ್ಬ ಬೆಳಗ್ಗೆ ಆರಕ್ಕೇ ಫೋನ್ ಮಾಡಿದ್ದ. ಅಣ್ಣಾ, ಹುಳ ಎಲ್ಲಾ ತೊಟ್ಟಿ ಗೋಡೆ ಹತ್ಕೊಂಡು ಹೊರಗೆ ಬೀಳ್ತಾ ಇದಾವೆ, ರಾತ್ರಿನೇ ನಾಲ್ಕು ಬಿಂದಿಗೆ ನೀರು ಹಾಕ್ದೆ ಆದ್ರೂ ನಿಲ್ತಿಲ್ಲ ಅಂತ. ನಮ್ಮದು ತಿಪಟೂರು ಕಡೆ, ಏಪ್ರಿಲ್ ಬಿಸಿಲು ಗೊತ್ತಲ್ಲ, ಒಣಗಿದೆ ಅಂದ್ಕೊಂಡು ನೀರು ಹಾಕಿದಾನೆ ಪಾಪ. ಹೋಗಿ ತೊಟ್ಟಿಗೆ ಕೈ ಇಳಿಸಿದ್ರೆ ಮೇಲೆ ಒಂದು ಗೇಣು ತಣ್ಣಗಿದೆ, ಅದರ ಕೆಳಗೆ ಕೈ ಇಟ್ಕೊಳ್ಳಕ್ಕೆ ಆಗಲ್ಲ ಅಷ್ಟು ಬಿಸಿ. ಕೇಳಿದ್ರೆ ಸಗಣಿ ಐದೇ ದಿನದ್ದು. ಬಿಸಿಗೆ ಮೇಲೆ ಓಡಿ ಬರ್ತಿದ್ದ ಹುಳದ ಮೇಲೆ ನೀರು ಬಿದ್ದಿದೆ, ಆ ನೀರು ಕೆಳಗೆ ಇಳಿದು ಅಡಿಯಲ್ಲಿ ಗಾಳಿ ಇಲ್ದಂಗೆ ಮಾಡಿದೆ, ಹಂಗಾಗಿ ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಎರಡು ಕೆಜಿ ಹುಳ ಬಿಟ್ಟಿದ್ದ, ಉಳಿದಿದ್ದು ಕಾಲು ಭಾಗನೂ ಇರ್ಲಿಲ್ಲ.

ಇದನ್ನ ಮೊದ್ಲೇ ಯಾಕೆ ಹೇಳ್ತಿದೀನಿ ಅಂದ್ರೆ, ಎರೆಹುಳಕ್ಕೆ ಏನೇ ತೊಂದ್ರೆ ಆದ್ರೂ ಅದು ಮಾಡೋದು ಒಂದೇ ಕೆಲಸ, ಜಾಗ ಬಿಟ್ಟು ಹೋಗೋದು. ಬಿಸಿಯಾದ್ರೂ ಹೋಗುತ್ತೆ, ನೀರು ಜಾಸ್ತಿಯಾದ್ರೂ ಹೋಗುತ್ತೆ, ಒಣಗಿದ್ರೂ ಹೋಗುತ್ತೆ, ಹುಳಿ ಬಂದ್ರೂ ಹೋಗುತ್ತೆ. ಹುಳಕ್ಕೆ ಶ್ವಾಸಕೋಶ ಇಲ್ಲ, ಉಸಿರಾಡೋದು ಚರ್ಮದಲ್ಲಿ, ಆ ಚರ್ಮ ಯಾವಾಗ್ಲೂ ಒದ್ದೆ ಇರ್ಬೇಕು, ಒದ್ದೆ ಇರೋ ಜಾಗದಲ್ಲೇ ಗಾಳಿನೂ ಆಡ್ಬೇಕು. ಎರಡರಲ್ಲಿ ಯಾವುದು ತಪ್ಪಿದ್ರೂ ಹೊರಗೆ ಕಾಣೋ ಲಕ್ಷಣ ಒಂದೇ ಥರ ಇರುತ್ತೆ, ಮಾಡ್ಬೇಕಾದ್ದು ಮಾತ್ರ ಪೂರ್ತಿ ಉಲ್ಟಾ. ಅದಕ್ಕೆ ಹುಳ ಓಡ್ತಿದೆ ಅಂತ ಕಂಡ ತಕ್ಷಣ ನೀರು, ಸುಣ್ಣ, ಅರಿಶಿನ, ಬೂದಿ ಯಾವುದನ್ನೂ ಹಾಕಕ್ಕೆ ಹೋಗ್ಬೇಡಿ. ಮೊದ್ಲು ಪರೀಕ್ಷೆ ಮಾಡಿ, ಹತ್ತು ನಿಮಿಷದ ಕೆಲಸ.

ಪರೀಕ್ಷೆ ಮಾಡೋ ಕ್ರಮ

ಮೊದಲು ಬಿಸಿ. ಕಬ್ಬಿಣದ ಹಾರೆ ತಗೊಂಡು ತೊಟ್ಟಿ ನಡುವಿಗೆ ತಳ ಮುಟ್ಟೋವರೆಗೂ ಇಳಿಸಿ, ಹತ್ತು ನಿಮಿಷ ಬಿಟ್ಟು ಎಳೆದು ತುದಿ ಹಿಡ್ಕೊಂಡು ನೋಡಿ. ಕೈಗೆ ತಣ್ಣಗೆ ಅನ್ನಿಸ್ಬೇಕು. ಬೆಚ್ಚಗಿದ್ರೆ ಅನುಮಾನ, ಹಿಡಿಯಕ್ಕೆ ಆಗಲ್ಲ ಅಂದ್ರೆ ಅಲ್ಲಿ ಹುಳ ಬದುಕಲ್ಲ. ನಮ್ಮ ಕಡೆ ಜಾಸ್ತಿ ಸಾಕೋದು ಯೂಡ್ರಿಲಸ್ ಯುಜಿನಿಯೆ ಅನ್ನೋ ಆಫ್ರಿಕಾ ಮೂಲದ ದಪ್ಪ ಹುಳ, ಅದಕ್ಕೆ 25ರಿಂದ 30 ಡಿಗ್ರಿ ಹಿತ, 35 ದಾಟಿದ್ರೆ ಕಷ್ಟ. ಐಸೀನಿಯಾ ಫೆಟಿಡಾ ಅಂತ ಸಣ್ಣ ಕೆಂಪು ಹುಳ ಬರುತ್ತಲ್ಲ, ಅದಕ್ಕೆ ಇನ್ನೂ ತಂಪು ಬೇಕು.

ಆಮೇಲೆ ನೀರು. ಒಂದು ಗೇಣು ಆಳದಿಂದ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಜೋರಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂತು ಅಂದ್ರೆ ಸರಿಯಾಗಿದೆ. ನೀರು ಸೋರ್ತು ಅಂದ್ರೆ ಜಾಸ್ತಿ. ಉಂಡೆನೇ ಕಟ್ಟದೆ ಉದುರಿ ಹೋಯ್ತು ಅಂದ್ರೆ ಒಣಗಿದೆ. ಇದನ್ನ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಮಾಡ್ಬೇಕು, ಯಾಕಂದ್ರೆ ಮೇಲೆ ಒಣಗಿ ತಳದಲ್ಲಿ ಕೆಸರಾಗಿರೋ ತೊಟ್ಟಿಗಳೇ ಜಾಸ್ತಿ.

ಮೂರನೇದು ಮೂಗು. ಚೆನ್ನಾಗಿರೋ ಎರೆಗೊಬ್ಬರಕ್ಕೆ ಮೊದಲ ಮಳೆ ಬಿದ್ದಾಗ ಮಣ್ಣಿಂದ ಬರುತ್ತಲ್ಲ ಆ ವಾಸನೆ ಇರುತ್ತೆ, ಬೇರೆ ಯಾವ ವಾಸನೆನೂ ಇರಬಾರ್ದು. ಗಂಜಲದ ಥರ ಮೂಗಿಗೆ ಚುಚ್ಚಿದ್ರೆ ಅಮೋನಿಯಾ, ಅಂದ್ರೆ ಹಸಿ ಸಗಣಿನೋ ಗಂಜಲನೋ ಕೋಳಿ ಗೊಬ್ಬರನೋ ಜಾಸ್ತಿ ಸೇರಿದೆ. ಹಳಸಿದ ಅನ್ನದ ಥರ ಹುಳಿ ವಾಸನೆ ಬಂದ್ರೆ ಅಡುಗೆಮನೆ ತ್ಯಾಜ್ಯ ಒಂದೇ ಸಲಕ್ಕೆ ಸುರಿದಿದೀರಿ. ಕೊಳೆತ ಮೊಟ್ಟೆ ಥರ ಬಂದ್ರೆ ತಳದಲ್ಲಿ ನೀರು ನಿಂತಿದೆ, ಗಾಳಿ ಇಲ್ಲ.

ಹುಳ ಬಿಡೋಕೆ ಮುಂಚೆ ಅಥವಾ ಹೊಸ ಮೇವು ಹಾಕೋಕೆ ಮುಂಚೆ ಇನ್ನೊಂದು ಪರೀಕ್ಷೆ ಇದೆ, ನಾನು ಈಗ ಇದನ್ನ ಬಿಡೋದೇ ಇಲ್ಲ. ಒಂದು ಹಳೆ ಬಕೆಟ್‌ಗೆ ಆ ಮೇವು ಅರ್ಧ ತುಂಬಿ 20 ಹುಳ ಮೇಲೆ ಬಿಡಿ. ಐದು ಹತ್ತು ನಿಮಿಷದಲ್ಲಿ ಒಳಗೆ ಇಳಿದ್ರೆ ಒಳ್ಳೇದು, ಮೇಲೇ ಒದ್ದಾಡ್ತಿದ್ರೆ ಮೇವಲ್ಲಿ ಏನೋ ಸರಿಯಿಲ್ಲ. ಒಂದು ರಾತ್ರಿ ಬಿಟ್ಟು ಸುರಿದು ಎಣಿಸಿ, 20ಕ್ಕೆ 20 ಸಿಕ್ರೆ ಧೈರ್ಯವಾಗಿ ತೊಟ್ಟಿಗೆ ಹಾಕಿ.

ಬಿಸಿ ಇದ್ರೆ

ಇದೇ ನಮ್ಮ ಕಡೆ ಅತಿ ಹೆಚ್ಚು ಹುಳ ಕೊಲ್ಲೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಸಗಣಿ ಮತ್ತೆ ಹಸಿ ಸೊಪ್ಪು ಗುಡ್ಡೆ ಹಾಕಿದ್ರೆ ಮೊದಲ ಎರಡು ವಾರ ಒಳಗೆ ಸೂಕ್ಷ್ಮಜೀವಿಗಳು ಕೆಲಸ ಮಾಡಿ 50-60 ಡಿಗ್ರಿವರೆಗೂ ಕಾಯುತ್ತೆ. ಇದು ತಪ್ಪಲ್ಲ, ಆ ಕಾವಲ್ಲೇ ಕಳೆ ಬೀಜ ಸಾಯೋದು. ಆದ್ರೆ ಅದು ತೊಟ್ಟಿ ಹೊರಗೆ, ತಿಪ್ಪೆಯಲ್ಲಿ ಆಗ್ಬೇಕು. 15ರಿಂದ 20 ದಿನ ಅರೆಕೊಳೆತು, ನಡುವೆ ಒಂದೆರಡು ಸಲ ಸಲಿಕೆಯಲ್ಲಿ ತಿರುವಿ ಹಾಕಿ, ಪೂರ್ತಿ ತಣ್ಣಗಾದ್ಮೇಲೆ ತೊಟ್ಟಿಗೆ ಬರ್ಬೇಕು. ಅವಸರ ಮಾಡೋರೇ ಕಳ್ಕೊಳ್ಳೋದು.

ಈಗಾಗ್ಲೇ ಬಿಸಿಯಾಗಿದ್ರೆ ನೀರಿಂದ ಆರಿಸಕ್ಕೆ ಹೋಗ್ಬೇಡಿ, ನೀರು ಸಿಕ್ಕಿದ್ರೆ ಅದು ಇನ್ನೂ ಕೊಳೆಯುತ್ತೆ, ಇನ್ನೂ ಕಾಯುತ್ತೆ. ಮೇಲೆ ಬಂದಿರೋ ಹುಳ ಎಲ್ಲಾ ಆರಿಸಿ ಮಂಕರಿಯಲ್ಲಿ ಹಳೆ ತಣ್ಣನೆ ಗೊಬ್ಬರದ ಜೊತೆ ಒದ್ದೆ ಗೋಣಿ ಮುಚ್ಚಿ ನೆರಳಲ್ಲಿಡಿ, ತೊಟ್ಟಿಯಲ್ಲಿರೋದನ್ನ ಪೂರ್ತಿ ಹೊರಗೆ ತೆಗೆದು ಒಂದು ಅಡಿಗಿಂತ ಎತ್ತರ ಇಲ್ದಂಗೆ ಹರಡಿ, ಹಾರೆ ಪರೀಕ್ಷೆ ಪಾಸಾದ್ಮೇಲೆ ವಾಪಸ್ ತುಂಬಿ. ಎತ್ತರನೂ ಕಾರಣ ಇರುತ್ತೆ, ತೊಟ್ಟಿಯಲ್ಲಿ ಒಂದೂವರೆಯಿಂದ ಎರಡು ಅಡಿ ಸಾಕು, ಮೂರು ನಾಲ್ಕು ಅಡಿ ತುಂಬಿದ್ರೆ ಅರೆಕೊಳೆತ ಮೇವೂ ನಡುವೆ ಮತ್ತೆ ಕಾಯುತ್ತೆ. ಸಿಲ್ಪಾಲಿನ್ ಬೆಡ್, ಅಂದ್ರೆ ದಪ್ಪ ಪ್ಲಾಸ್ಟಿಕ್ ಹಾಳೆಯ ತೊಟ್ಟಿ ಇಟ್ಟಿರೋರು ನೆರಳು ನೋಡ್ಕೊಳ್ಳಿ, ಮಧ್ಯಾಹ್ನ ಎರಡು ಗಂಟೆಯಲ್ಲಿ ಬದಿಗೆ ಬಿಸಿಲು ಬೀಳುತ್ತಾ ಅಂತ ಖುದ್ದು ಹೋಗಿ ನೋಡಿ. ಬೆಳಗ್ಗೆ ನೆರಳಿದ್ದ ಜಾಗದಲ್ಲಿ ಮಧ್ಯಾಹ್ನ ನೆರಳು ಇರಲ್ಲ. ತೆಂಗಿನ ಗರಿ ಚಪ್ಪರಕ್ಕಿಂತ ತಂಪು ಯಾವ ಶೀಟೂ ಇಲ್ಲ.

ನೀರು ಜಾಸ್ತಿ, ನೀರು ಕಮ್ಮಿ

ಜಾಸ್ತಿಯಾಗಿದ್ರೆ ಮೊದ್ಲು ತಳದ ತೂತು ನೋಡಿ, ಎಷ್ಟೋ ಸಲ ನಾರು ಸಿಕ್ಕಿ ಕಟ್ಕೊಂಡಿರುತ್ತೆ. ಒಂದು ಕಡ್ಡಿ ಆಡಿಸಿದ್ರೆ ಕಪ್ಪು ನೀರು ಬಳಬಳ ಅಂತ ಬರುತ್ತೆ. ಆ ನೀರನ್ನ ವರ್ಮಿವಾಶ್ ಅಂದ್ಕೊಂಡು ಟೊಮೇಟೊಗೆ ಹೊಡೀಬೇಡಿ, ಕೊಳೆತ ನೀರಿಗೂ ಹುಳ ತೊಳೆದು ಬಂದ ತಿಳಿ ಕಂದು ನೀರಿಗೂ ವ್ಯತ್ಯಾಸ ಇದೆ, ವಾಸನೆ ಬರೋದನ್ನ ತಿಪ್ಪೆಗೇ ವಾಪಸ್ ಹಾಕಿ. ಆಮೇಲೆ ಒಣ ಎಲೆ, ಪುಡಿ ಮಾಡಿದ ರಾಗಿ ಹುಲ್ಲು, ಅವರೆ ಹೊಟ್ಟು ಏನಿದೆಯೋ ಅದನ್ನ ಸೇರಿಸಿ ಕೈಯಲ್ಲೇ ಸಡಿಲ ಮಾಡಿ. ಗುದ್ದಲಿ ಹಾಕ್ಬೇಡಿ, ಹುಳ ತುಂಡಾಗುತ್ತೆ, ತುಂಡಾದ್ರೆ ಎರಡು ಹುಳ ಆಗುತ್ತೆ ಅನ್ನೋದು ಸುಳ್ಳು.

ಕಮ್ಮಿಯಾಗಿದ್ರೆ ಒಂದೇ ಸಲ ಬಿಂದಿಗೆ ಸುರಿಯೋದಲ್ಲ. ಒಣಗಿದ ಸಗಣಿ ಮೇಲೆ ನೀರು ಹಾಕಿದ್ರೆ ಅದು ಹೀರ್ಕೊಳ್ಳಲ್ಲ, ಬಿರುಕಲ್ಲಿ ಇಳಿದು ತಳಕ್ಕೆ ಹೋಗುತ್ತೆ. ಎರಡು ಮೂರು ದಿನ ಬೆಳಗ್ಗೆ ಸಂಜೆ ಸ್ವಲ್ಪ ಸ್ವಲ್ಪ ಚಿಮುಕಿಸಿ, ಮೇಲೆ ಒದ್ದೆ ಗೋಣಿ ಹಾಕಿ. ಬೇಸಿಗೆಯಲ್ಲಿ ದಿನಾ, ಮಳೆಗಾಲದಲ್ಲಿ ವಾರಕ್ಕೊಂದು ಸಲನೂ ಬೇಕಾಗಲ್ಲ, ಕ್ಯಾಲೆಂಡರ್ ನೋಡಿ ನೀರು ಹಾಕ್ಬೇಡಿ, ಮುಷ್ಟಿ ಹಿಂಡಿ ಹಾಕಿ.

ಹೊಸ ಸಿಮೆಂಟ್ ತೊಟ್ಟಿಯಲ್ಲಿ ಹುಳ ಸತ್ರೆ

ಬಿಸಿನೂ ಇಲ್ಲ, ನೀರೂ ಸರಿಯಾಗಿದೆ, ವಾಸನೆನೂ ಇಲ್ಲ, ಆದ್ರೆ ಗೋಡೆ ಪಕ್ಕದ ಹುಳ ಮಾತ್ರ ಸಾಯ್ತಿದೆ ಅಂದ್ರೆ ತೊಟ್ಟಿ ಯಾವಾಗ ಕಟ್ಟಿದ್ದು ಅಂತ ಕೇಳ್ತೀನಿ. ಹೊಸ ಸಿಮೆಂಟಿಂದ ಸುಣ್ಣದ ಅಂಶ ಬಿಡ್ತಾ ಇರುತ್ತೆ. ಹುಳಕ್ಕೆ ಬೇಕಾದ್ದು ಪಿಹೆಚ್ 7ರ ಆಸುಪಾಸು, ಅಂದ್ರೆ ಹುಳಿನೂ ಅಲ್ಲ ಸುಣ್ಣದಂಗೆ ಕ್ಷಾರನೂ ಅಲ್ಲ. ಹೊಸ ತೊಟ್ಟಿಗೆ ನೀರು ತುಂಬಿ ಎರಡು ಮೂರು ದಿನ ಬಿಟ್ಟು ಚೆಲ್ಲಿ, ಹಿಂಗೆ ನಾಲ್ಕೈದು ಸಲ ಮಾಡಿ, ಒಳಗೆ ಸಗಣಿ ಬಗ್ಗಡ ಬಳಿದು ಒಣಗಿಸಿ ಆಮೇಲೆ ಶುರು ಮಾಡಿ.

ಹುಳ ಸಾಯ್ತಿಲ್ಲ, ಆದ್ರೆ ಗೊಬ್ಬರ ಆಗ್ತಿಲ್ಲ

ಎರಡು ತಿಂಗಳಾಯ್ತು, ಗರಿ ಹಂಗೇ ಇದೆ ಅಂತ ತೆಂಗಿನವರು ಜಾಸ್ತಿ ಕೇಳ್ತಾರೆ. ತೆಂಗಿನ ಗರಿಯಲ್ಲಿ ಗಟ್ಟಿ ಲಿಗ್ನಿನ್ ಅಂಶ ಜಾಸ್ತಿ, ಹಸಿಯಾಗಿ ಹಂಗೇ ಹಾಕಿದ್ರೆ ಹುಳ ಮುಟ್ಟಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಗರಿಗೇ ಅಂತ ಒಂದು ಪದ್ಧತಿ ಮಾಡಿದಾರೆ, ಅದೂ ಯೂಡ್ರಿಲಸ್ ಜಾತಿ ಹುಳದಲ್ಲೇ, ಗರಿನ ಎರಡು ಮೂರು ವಾರ ಮಳೆ ಬಿಸಿಲಿಗೆ ಬಿಟ್ಟು ಮೆತ್ತಗೆ ಮಾಡಿ, ತೂಕದಲ್ಲಿ ಹತ್ತಕ್ಕೆ ಒಂದು ಪಾಲು ಸಗಣಿ ಬಗ್ಗಡ ಸೇರಿಸಿ ಅರೆಕೊಳೆಸಿ ಆಮೇಲೆ ಹುಳ ಬಿಡೋದು. ನಾನು ದಿಂಡು ಅಂದ್ರೆ ದಪ್ಪ ಹೆಡೆಮಟ್ಟೆ ತೆಗೆದು ಎಲೆ ಮಾತ್ರ ಕೊಚ್ಚಿ ಹಾಕ್ತೀನಿ, ಎರಡೂವರೆ ತಿಂಗಳಲ್ಲಿ ಪುಡಿ ಪುಡಿ ಆಗುತ್ತೆ. ನಾರಿನ ಪುಡಿ ಮಾತ್ರ ತೊಟ್ಟಿಗೆ ಜಾಸ್ತಿ ಹಾಕ್ಬೇಡಿ, ನೀರು ಹಿಡಿಯಕ್ಕೆ ಸ್ವಲ್ಪ ಸಾಕು, ಅದು ಕರಗಲ್ಲ. ನೀಲಗಿರಿ ಎಲೆ, ನಿಂಬೆ ಮೋಸಂಬಿ ಸಿಪ್ಪೆ, ಉಪ್ಪಿನಕಾಯಿ, ಎಣ್ಣೆ ಪದಾರ್ಥ ಬೇಡ. ಜಂತುಹುಳದ ಔಷಧಿ ಕುಡಿಸಿದ ದನದ ಸಗಣಿನ ಎರಡು ಮೂರು ವಾರ ಪ್ರತ್ಯೇಕ ಇಡಿ, ಹುಳ ಸಾಯ್ಸೋ ಔಷಧಿ ಬೆರೆತಿರೋ ಸಗಣಿನೇ ಹುಳಕ್ಕೆ ಮೇವು ಮಾಡೋದು ನನಗೆ ಸರಿ ಕಾಣಲ್ಲ.

ಇನ್ನೊಂದು ಕಾರಣ, ಹುಳನೇ ಕಮ್ಮಿ. ಒಂದು ಕೆಜಿಗೆ ಹೆಚ್ಚು ಕಮ್ಮಿ ಸಾವಿರ ಹುಳ ಬರುತ್ತೆ, 10 ಅಡಿ ಉದ್ದ 3 ಅಡಿ ಅಗಲದ ತೊಟ್ಟಿಗೆ ಎರಡು ಮೂರು ಕೆಜಿ ಬೇಕು. ಅರ್ಧ ಕೆಜಿ ಬಿಟ್ಟು ಬೇಗ ಆಗ್ಲಿ ಅಂದ್ರೆ ಆಗಲ್ಲ. ಪ್ರತಿ ಸಲ ಗೊಬ್ಬರ ಜರಡಿ ಹಿಡಿದಾಗ ಹುಳ ಕಮ್ಮಿ ಆಗ್ತಾ ಬಂದ್ರೆ ನೀವು ಮೊಟ್ಟೆನೆಲ್ಲ ಚೀಲಕ್ಕೆ ತುಂಬ್ತಾ ಇದೀರಿ. ಮೊಟ್ಟೆ ಗೂಡು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ನಿಂಬೆಹಣ್ಣಿನ ಆಕಾರ, ಹಳದಿಯಿಂದ ಕಂದು ಬಣ್ಣ, ಒಂದೊಂದರಿಂದ ಎರಡು ಮೂರು ಮರಿ ಬರುತ್ತೆ, ಹೊರಗೆ ಬರಕ್ಕೆ ಎರಡು ಮೂರು ವಾರ ಬೇಕು. ಜರಡಿ ಹಿಡಿದ ಗೊಬ್ಬರನ ತಕ್ಷಣ ತುಂಬ್ಬೇಡಿ, ನೆರಳಲ್ಲಿ ಗುಡ್ಡೆ ಮಾಡಿ ಸ್ವಲ್ಪ ತೇವ ಇಟ್ಟು ಅಲ್ಲಲ್ಲಿ ಹಳೆ ಸಗಣಿ ಉಂಡೆ ಹೂತಿಡಿ, ಮೂರು ವಾರದಲ್ಲಿ ಆ ಉಂಡೆ ತುಂಬಾ ಮರಿ ಸೇರಿರುತ್ತೆ, ಉಂಡೆ ಸಮೇತ ಎತ್ತಿ ತೊಟ್ಟಿಗೆ ಹಾಕಿ.

ಬೇರೆ ಜೀವಿಗಳು ಕಂಡ್ರೆ

ಕೆಂಪಿರುವೆ ಬಂದಿದೆ ಅಂದ್ರೆ ಮುಕ್ಕಾಲು ಪಾಲು ಅಲ್ಲಿ ಒಣಗಿದೆ ಅಂತ ಅರ್ಥ, ಇರುವೆಗೆ ಔಷಧಿ ಹುಡುಕೋ ಮುಂಚೆ ತೇವ ಸರಿ ಮಾಡಿ, ತೊಟ್ಟಿ ಸುತ್ತ ಸಣ್ಣ ಕಾಲುವೆ ಮಾಡಿ ನೀರು ನಿಲ್ಲಿಸಿ. ಇರುವೆ ಪುಡಿ ಮಾತ್ರ ತೊಟ್ಟಿ ಹತ್ರ ತರಬೇಡಿ, ಇರುವೆ ಸಾಯಿಸೋದು ಹುಳನೂ ಸಾಯಿಸುತ್ತೆ. ಇಲಿ ಹೆಗ್ಗಣ ಕೋಳಿಗೆ ಕಬ್ಬಿಣದ ಜಾಲರಿ ಬಿಟ್ರೆ ಬೇರೆ ದಾರಿ ಇಲ್ಲ. ಬಿಳಿ ಬೂಜು, ಅಣಬೆ ಕಂಡ್ರೆ ಹೆದರಬೇಡಿ, ತೊಂದ್ರೆ ಇಲ್ಲ.

ದಾರದ ಥರ ಸಣ್ಣ ಬಿಳಿ ಹುಳ ಸಾವಿರಾರು ಇದಾವೆ, ಮರಿ ಆಗಿದಾವೆ ಅಂತ ಖುಷಿಯಿಂದ ಫೋಟೋ ಕಳಿಸ್ತಾರೆ, ನೋಡಿದ್ರೆ ಅದು ಎರೆಹುಳದ ಮರಿನೇ ಅಲ್ಲ. ಮರಿ ಎಷ್ಟೇ ಸಣ್ಣದಿದ್ರೂ ನಡುವೆ ಕೆಂಪು ರಕ್ತನಾಳ ಕಾಣುತ್ತೆ, ಗುಲಾಬಿ ಬಣ್ಣ ಇರುತ್ತೆ. ಪೂರ್ತಿ ಬೆಳ್ಳಗಿರೋದು ಬೇರೆ ಜಾತಿ, ಅದು ಕಚ್ಚಲ್ಲ ಏನಿಲ್ಲ, ಆದ್ರೆ ತೊಟ್ಟಿ ಹುಳಿಯಾಗಿದೆ ಇಲ್ಲಾ ನೀರು ಜಾಸ್ತಿಯಾಗಿದೆ ಅಂತ ಹೇಳುತ್ತೆ.

ತೆಂಗು ಇರೋರು ಒಂದನ್ನ ಮಾತ್ರ ಖಂಡಿತ ಬಿಡಬಾರ್ದು. ಹೆಬ್ಬೆರಳು ಗಾತ್ರದ, ಸುರುಳಿ ಸುತ್ಕೊಂಡಿರೋ, ಕಂದು ತಲೆಯ ಬಿಳಿ ಹುಳ ಸಿಕ್ಕಿದ್ರೆ ಅದು ತೆಂಗಿನ ಸುಳಿ ಕೊರೆಯೋ ದುಂಬಿಯ ಮರಿ ಇರಬಹುದು, ಆ ದುಂಬಿ ಮೊಟ್ಟೆ ಇಡೋದೇ ತಿಪ್ಪೆ ಮತ್ತೆ ಗೊಬ್ಬರದ ಗುಂಡಿಯಲ್ಲಿ. ಗೊಬ್ಬರಕ್ಕೆ ಏನೂ ಮಾಡಲ್ಲ ಅಂತ ಬಿಟ್ರೆ ಮುಂದೆ ತೋಟದಲ್ಲಿ ಎಳೆ ಸಸಿ ಸುಳಿ ಹೋಗುತ್ತೆ. ಕೈಯಲ್ಲೇ ಆರಿಸಿ ಕೋಳಿಗೆ ಹಾಕಿ.

ಗೊಬ್ಬರ ಹಾಕಿದೆ, ಬೆಳೆ ಏನೂ ಬದಲಾಗ್ಲಿಲ್ಲ

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ಇಲ್ಲಿಗೆ ಬಂದು ಬೇಜಾರಾಗಿ ಎಷ್ಟೋ ಜನ ಇದನ್ನೇ ಬಿಟ್ಬಿಡ್ತಾರೆ. ಮೊದ್ಲು ಲೆಕ್ಕ ನೋಡಿ. ಒಳ್ಳೆ ಎರೆಗೊಬ್ಬರದಲ್ಲಿ ಸಾರಜನಕ ಒಂದರಿಂದ ಒಂದೂವರೆ ಪರ್ಸೆಂಟ್ ಅಂತ ಇಟ್ಕೊಳ್ಳಿ, ಅಂದ್ರೆ ಒಂದು ಟನ್‌ಗೆ 10ರಿಂದ 15 ಕೆಜಿ. 45 ಕೆಜಿ ಯೂರಿಯಾ ಚೀಲ ಒಂದರಲ್ಲೇ 46 ಪರ್ಸೆಂಟ್ ಲೆಕ್ಕದಲ್ಲಿ ಸುಮಾರು 20 ಕೆಜಿ ಇರುತ್ತೆ. ಒಂದು ಎಕರೆಗೆ ಎರಡು ಚೀಲ ಎರೆಗೊಬ್ಬರ ಎರಚಿ ವಾರದಲ್ಲಿ ಯೂರಿಯಾ ಹಾಕಿದಂಗೆ ಕಪ್ಪಗೆ ಹಸಿರಾಗಲಿ ಅಂದ್ರೆ ಹೆಂಗಾಗುತ್ತೆ, ಅದೂ ಅಲ್ದೆ ಇದರ ಸಾರಜನಕ ಬಹುಪಾಲು ನಿಧಾನಕ್ಕೆ ಬಿಡೋದು. ಎಕರೆಗೆ ಎರಡು ಟನ್ ಅಂದ್ರೆ ಒಂದು ಮಾತು. ಅಷ್ಟಿಲ್ಲ ಅಂದ್ರೆ ಎರಚಬೇಡಿ, ಸಾಲಿಗೆ, ಗುಣಿಗೆ, ನರ್ಸರಿಗೆ ಮಾತ್ರ ಕೊಡಿ, ಮೆಣಸಿನ ಸಸಿ ಬುಡಕ್ಕೆ ಒಂದು ಹಿಡಿ ಕೊಟ್ಟಿದ್ದು ಕಣ್ಣಿಗೆ ಕಾಣುತ್ತೆ.

ಎರಡನೇ ಕಾರಣ, ಒಣ ಕೆಂಪು ಮಣ್ಣಿನ ಮೇಲೆ ಹಾಕಿ ಹಂಗೇ ಬಿಡೋದು. ಬಿಸಿಲಿಗೆ ಒಣಗಿದ ಎರೆಗೊಬ್ಬರದಲ್ಲಿ ಜೀವ ಇರಲ್ಲ, ಬರೀ ಪುಡಿ. ಮಣ್ಣಲ್ಲಿ ತೇವ ಇದ್ದಾಗ ಸಂಜೆ ಹೊತ್ತು ಕೊಟ್ಟು ಮಣ್ಣು ಎಳೆದು ಮೇಲೆ ಸೊಪ್ಪೋ ಗರಿನೋ ಮುಚ್ಚಿ.

ಮೂರನೇದು, ಕೊಟ್ಟಿದ್ದು ಇನ್ನೂ ಗೊಬ್ಬರನೇ ಆಗಿರಲ್ಲ. ಅರೆಬೆಂದ ಗೊಬ್ಬರ ಮಣ್ಣಿಗೆ ಹೋದ್ರೆ ಅದನ್ನ ಕೊಳೆಸಕ್ಕೆ ಸೂಕ್ಷ್ಮಜೀವಿಗಳು ಮಣ್ಣಲ್ಲಿದ್ದ ಸಾರಜನಕನೇ ತಗೊಳ್ತವೆ, ಗಿಡ ಇನ್ನೂ ಹಳದಿಯಾಗುತ್ತೆ. ಗೊಬ್ಬರ ಹಾಕಿದ್ಮೇಲೆ ಹಳದಿಯಾಯ್ತು ಅಂದ್ರೆ ಮೊದ್ಲು ಇದನ್ನೇ ಅನುಮಾನಿಸಿ. ಪರೀಕ್ಷೆ ಸುಲಭ, ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಲ್ಲಿ ಗಾಳಿ ಹೋಗದಂಗೆ ಕಟ್ಟಿ ಮೂರು ದಿನ ಬಿಟ್ಟು ಬಿಚ್ಚಿ, ಕೆಟ್ಟ ವಾಸನೆ ಬಂದ್ರೆ ಇನ್ನೂ ಆಗಿಲ್ಲ. ಇಲ್ಲಾ ಅಂದ್ರೆ ಎರಡು ತೆಂಗಿನ ಚಿಪ್ಪಲ್ಲಿ, ಒಂದರಲ್ಲಿ ಬರೀ ಮಣ್ಣು ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ, ಇಪ್ಪತ್ತಿಪ್ಪತ್ತು ಹೆಸರುಕಾಳು ಹಾಕಿ ಐದನೇ ದಿನ ಎಣಿಸಿ. ಗೊಬ್ಬರದ ಚಿಪ್ಪಲ್ಲಿ ಕಮ್ಮಿ ಹುಟ್ಟಿದ್ರೆ ಕಾಯಿರಿ.

ಕೊಂಡುಕೊಂಡ ಗೊಬ್ಬರ ಆಗಿದ್ರೆ ಇನ್ನೂ ಒಂದು. ನಾನು ಮೊದಲ ವರ್ಷ ಒಬ್ಬ ಮಾರಾಟಗಾರನ ಹತ್ರ 20 ಚೀಲ ತಂದಿದ್ದೆ, ಕಪ್ಪಗೆ ಚಂದ ಇತ್ತು, ಬೀನ್ಸಿಗೆ ಏನೂ ಆಗ್ಲಿಲ್ಲ. ಕೊನೆಗೆ ಒಂದು ಹಿಡಿ ಗಾಜಿನ ಲೋಟದ ನೀರಿಗೆ ಹಾಕಿ ಕದಡಿ ಬಿಟ್ಟೆ, ಅಡಿಯಲ್ಲಿ ಎರಡು ಬೆರಳು ಮರಳು ಕೂತಿತ್ತು. ಅವತ್ತು ನನಗೆ ದುಡ್ಡಿಗಿಂತ ಒಂದು ಹಂಗಾಮು ಹೋಯ್ತಲ್ಲ ಅಂತ ತುಂಬಾ ನೋವಾಯ್ತು. ಅದಕ್ಕೇ ತೊಟ್ಟಿ ಕಟ್ಟಿದ್ದು. ಕೊಳ್ಳೋ ಮುಂಚೆ ಲೋಟದ ಪರೀಕ್ಷೆ ಮಾಡಿ, ಬೇಡ ಅನ್ನೋರ ಹತ್ರ ಕೊಳ್ಳಬೇಡಿ.

ಇಷ್ಟೆಲ್ಲ ಸರಿಯಿದ್ದೂ ಬೆಳೆ ಏಳ್ತಿಲ್ಲ ಅಂದ್ರೆ ತೊಂದ್ರೆ ಗೊಬ್ಬರದ್ದಲ್ಲ, ಮಣ್ಣಿನದ್ದು, ಸತುವೋ ಬೋರಾನೋ ಪೊಟ್ಯಾಷೋ ಏನೋ ಕೊರತೆ ಇರುತ್ತೆ. ಹತ್ರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಡಿ, ನಮ್ಮ ಕಡೆಯವರಿಗೆ ಕೊನೇಹಳ್ಳಿಯಲ್ಲಿದೆ.

ತೊಟ್ಟಿ ಹುಳನ ಹೊಲಕ್ಕೆ ಬಿಟ್ಟೆ, ಸತ್ತೋದ್ವು

ಸಾಯುತ್ತೆ, ಅದು ಹೊಲದ ಹುಳ ಅಲ್ಲ. ತೊಟ್ಟಿಯಲ್ಲಿರೋದು ಮೇಲ್ಪದರದಲ್ಲಿ ಕೊಳೆಯೋ ಕಸ ತಿಂದು ಬದುಕೋ ಜಾತಿ, ಮಣ್ಣೊಳಗೆ ಆಳಕ್ಕೆ ಬಿಲ ಕೊರೆಯೋ ನಮ್ಮ ನೆಲದ ಹುಳ ಬೇರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆಯವರು ವರ್ಷಾನುಗಟ್ಟಲೆ ಎರೆಹುಳದ ಮೇಲೆ ಕೆಲಸ ಮಾಡಿ ಈ ವಿದ್ಯೆನ ರಾಜ್ಯದ ರೈತರಿಗೆ ತಲುಪಿಸಿದ್ರು, ಹಂಗಾಗಿ ಇವತ್ತು ಹುಳ ಎಲ್ಲಾ ಕಡೆ ಸಿಗುತ್ತೆ, ಆದ್ರೆ ಯಾವ ಹುಳ ಯಾವ ಕೆಲಸಕ್ಕೆ ಅನ್ನೋದು ಮಾತ್ರ ಜನರಿಗೆ ಇನ್ನೂ ಗೊಂದಲ. ಹೊಲಕ್ಕೆ ಹುಳ ಬೇಕು ಅಂದ್ರೆ ಹುಳ ತಂದು ಬಿಡೋದು ಬೇಡ, ಗೊಬ್ಬರ ಕೊಟ್ಟು ಮೇಲೆ ಮುಚ್ಚಿಗೆ ಹಾಕಿ, ನೆಲದ ಹುಳ ಅದಾಗೇ ಬರುತ್ತೆ. ಆ ಹುಡುಗ ಕಳೆದ ಮುಂಗಾರಿಗೆ ಉಳಿದ ಹುಳದಲ್ಲೇ ತೊಟ್ಟಿ ಮತ್ತೆ ಶುರು ಮಾಡಿ, ಮೊದಲ ಗೊಬ್ಬರನ 12 ತೆಂಗಿನ ಮರಕ್ಕೆ ಹತ್ತತ್ತು ಕೆಜಿ ಕೊಟ್ಟು ಬುಡದ ಸುತ್ತ ಗರಿ ಹೊದಿಸಿದ್ದ. ಈ ಸಲ ಮಳೆ ಬಿದ್ದ ಮೇಲೆ ಗರಿ ಎತ್ತಿ ತೋರಿಸ್ದ, ಕೆಳಗೆಲ್ಲ ಅಕ್ಕಿಕಾಳು ಚೆಲ್ಲಿದಂಗೆ ನೆಲದ ಹುಳದ ಹಿಕ್ಕೆ, ಪಕ್ಕದ ಗರಿ ಇಲ್ದಿರೋ ಸಾಲಲ್ಲಿ ಒಂದೂ ಇರ್ಲಿಲ್ಲ.